ಡಾ. ಯಲ್ಲಾಪ್ರಗಡ ಸುಬ್ಬರಾವ್

ಕಡೂರಿನ ಸೀಮೆ ಬಯಲುನಾಡು. ಅಲ್ಲಿ ಮಳೆ ಕಡಿಮೆ. ರಾಗಿ, ತೆಂಗುಗಳೇ ಜನರ ಜೀವನಾಧಾರ. ಅಲ್ಲಿಂದ ಬೀರೂರನ್ನು ದಾಟಿ ವಾಯವ್ಯಕ್ಕೆ ಸಾಗಿದರೆ ಮಲೆನಾಡಿನ ಹೆಬ್ಬಾಗಿಲಿನಂತಿರುವ ತರೀಕೆರೆ. ಉತ್ತರಕ್ಕೆ ಹೊರಳಿದರೆ ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರ. ನೆಲದಲ್ಲಿ, ಮಳೆಯಲ್ಲಿ, ಬೆಳೆಯಲ್ಲಿ ಒಂದನ್ನೊಂದು ಹೋಲದ ಈ ಮೂರು ಊರುಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಒಂದು ಸಂಗತಿ ಮಾತ್ರ ಸಮಾನವಾದುದು. ವಾರಕ್ಕೊಮ್ಮೆ ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿನ ವಿದ್ಯಾರ್ಥಿಗಳಿಗೆ ನೀಲಿ ಬಣ್ಣದ ಒಂದು ಮಾತ್ರೆಯನ್ನು ನುಂಗಿಸುವ ಏರ್ಪಾಡಿದೆ. ದೇಶದ ಬೇರೆ ಶಾಲೆಗಳಲ್ಲಿಯೂ ಉಂಟು. ಮಕ್ಕಳೂ ಉಪಾಧ್ಯಾಯರೂ ಅದನ್ನು ಕಬ್ಬಿಣಾಂಶದ ಮಾತ್ರೆಯೆಂದೇ ಕರೆಯುತ್ತಾರೆ. ಆದರೆ ಅದರಲ್ಲಿ ಕಬ್ಬಿಣದೊಡನೆ ಇನ್ನೊಂದು ವಸ್ತುವೂ ಇದೆ. ಅದರ ತೂಕ ಒಂದು ಮಿಲಿಗ್ರಾಮಿನ ಅರ್ಧದಷ್ಟು ಮಾತ್ರ. ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಈ ಹಳದಿಯ ಹುಡಿಯ ಹೆಸರು ಫೋಲಿಕ್ ಆಮ್ಲ. ಊರಿನ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿಯೂ ಇರುವುದು ಇದೇ.

ಈ ವಸ್ತುವನ್ನು ಮೊದಲು ಕೃತಕವಾಗಿ ತಯಾರಿಸಿದ ಪ್ರಯೋಗಶಾಲೆಯ ಮುಖ್ಯಸ್ಥರು ಒಬ್ಬ ಭಾರತೀಯರು. ಅದೇ ಪ್ರಯೋಗಶಾಲೆಯಿಂದ, ಅದೇ ವಸ್ತುವಿನ ರೂಪವನ್ನು ಕಿಂಚಿತ್ ಬದಲಿಸಿ, ಮಕ್ಕಳ ರಕ್ತದ ಕ್ಯಾನ್ಸರಿಗೆ ಪ್ರಥಮ ಔಷಧವೂ ಹೊರಬಂದಿತು. ಒಂದು ಜೀವಕೋಶಗಳನ್ನು ಬೆಳೆಸುವಂಥದು, ಇನ್ನೊಂದು ಅವುಗಳ ಬೆಳವಣಿಗೆಯನ್ನು ತಡೆಯುವಂಥದು. ಇವೆರಡರ ಹಿಂದೆ ಇದ್ದ ವಿಜ್ಞಾನಿಯೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಅವರು ಜನಿಸಿದ್ದು 1895ನೆಯ ಇಸವಿ ಜನವರಿ 12ರಂದು, ಗೋದಾವರಿ ಬಯಲಿನ ಭೀಮಾವರದಲ್ಲಿ. ಆ ಊರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು, ಈಗ ಆಂಧ್ರಪ್ರದೇಶದಲ್ಲಿದೆ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆಯು ಅನಾರೋಗ್ಯದಿಂದ ಅವಧಿಗೆ ಮುನ್ನವೇ ನೌಕರಿಯಿಂದ ನಿವೃತ್ತರಾದುದರಿಂದ ಮಕ್ಕಳೊಂದಿಗನಾದ ಆ ಸಂಸಾರವು ಕಷ್ಟಕ್ಕೆ ಸಿಕ್ಕಿತು. ಮೂರನೆಯ ತರಗತಿಯ ಪುಸ್ತಕಗಳಲ್ಲಿ ಕಾಣಬರುವ ಮಾದರಿಯ ಬಾಲಕರಂತೆ ಸುಬ್ಬರಾವ್ ಓದಿನಲ್ಲಿ ಮುಂದಿದ್ದರೆಂದು ಹೇಳಲಾಗದು. ಹದಿಮೂರು ವರ್ಷದವರಿದ್ದಾಗ ಅವರು ಶಾಲೆಗೆ ಶರಣು ಹೊಡೆದು, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯಹಣ್ಣು ಮಾರಿ ಹಣ ಸಂಪಾದಿಸುವ ಹಂಚಿಕೆ ಹೂಡಿ ಮನೆಬಿಟ್ಟು ಹೊರಟರು. ಹುಡುಗನನ್ನು ಹುಡುಕಿಸಿ ಹಿಂದಕ್ಕೆ ಕರೆತಂದವರು ತಾಯಿ. ವೆಂಕಮ್ಮನವರು ಕಟ್ಟುನಿಟ್ಟಿನ ಹೆಂಗಸು. ಮಗನು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಒಮ್ಮೆಯಲ್ಲ, ಎರಡು ಬಾರಿ ಅನುತ್ತೀರ್ಣನಾದರೂ ಆಕೆ ಪಟ್ಟುಬಿಡಲಿಲ್ಲ. ಒಡವೆಗಳನ್ನು ಮಾರಿ ಅವನನ್ನು ಮದರಾಸಿಗೆ ಕಳುಹಿಸಿದರು. ಅಲ್ಲಿನ ಹಿಂದೂ ಹೈಸ್ಕೂಲಿನಲ್ಲಿ ಓದಿ ಮೂರನೆಯ ಪ್ರಯತ್ನದಲ್ಲಿ ಸುಬ್ಬರಾವ್ ತೇರ್ಗಡೆಯಾದರು.

ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಗಣಿತದಲ್ಲಿ ಒಲವು ಹುಟ್ಟಿತು. ಅದಕ್ಕಿಂತ ಹೆಚ್ಚಿನ ಒಲವು ಸಂನ್ಯಾಸದಲ್ಲಿ. ರಾಮಕೃಷ್ಣ ಮಠದ ಸಂಪರ್ಕಕ್ಕೆ ಬಂದ ಆ ತರುಣನು ಕಾವಿ ಧರಿಸಲು ಹಂಬಲಿಸಿದನು. ಆದರೆ ತಾಯಿಯ ಅನುಮತಿಯಿಲ್ಲದೆ ಮಠದವರು ಅವನನ್ನು ಸೇರಿಸಿಕೊಳ್ಳುವಂತಿರಲಿಲ್ಲ. ತಾಯಿ ಅನುಮತಿ ಕೊಡುವವರಲ್ಲ. ವೈದ್ಯನಾದರೆ ಮಠದ ಆಸ್ಪತ್ರೆಗಳಲ್ಲಿ ಸೇವೆ ಮಾಡಬಹುದೆಂಬ ಸಲಹೆ ಮಠದವರಿಂದಲೇ ಬಂದಿತು. ಹೀಗೆ ಒಂದು ಬಾಗಿಲು ಮುಚ್ಚಿದುದರಿಂದ ಸುಬ್ಬರಾವ್ ಮದರಾಸಿನ ವೈದ್ಯಕೀಯ ಕಾಲೇಜಿನ ಬಾಗಿಲನ್ನು ತಟ್ಟಿದರು. ಓದು ಮುಗಿಯುವ ಮುನ್ನವೇ, 1919ರಲ್ಲಿ, ಶೇಷಗಿರಿ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ಓದಿನ ವೆಚ್ಚಕ್ಕೆ ಮಾವನವರು ನೆರವಾದರು.

ಅದು ದೇಶದಲ್ಲಿ ಸ್ವದೇಶಿಯ ಕಾವು ಏರುತ್ತಿದ್ದ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಆಂಗ್ಲ ಪ್ರಾಧ್ಯಾಪಕರಿಗೆ ಇದು ಸಹನೆಯಾಗಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರೂ ಕೊನೆಗೆ ಅವರಿಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಒಂದು ಅಂಗಿಗಾಗಿ ತೆತ್ತ ಈ ಬೆಲೆ ಚಿಕ್ಕದೇನೂ ಆಗಿರಲಿಲ್ಲ. ಸರ್ಕಾರಿ ವೈದ್ಯಕೀಯ ಸೇವೆಯ ದಾರಿ ಅವರಿಗೆ ತೆರೆಯಲಿಲ್ಲ. ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಬೋಧಿಸುವ ಕೆಲಸವನ್ನು ಅವರು ಹಿಡಿಯಬೇಕಾಯಿತು.

ಈ ವರ್ಷಗಳಲ್ಲಿಯೇ ಅವರ ಮನೆಯ ಮೇಲೆ ಸಿಡಿಲು ಬಡಿದಂತಾಯಿತು. ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರನ್ನೂ ಬಲಿತೆಗೆದುಕೊಂಡದ್ದು ಆಗ ವೈದ್ಯರು ಸ್ಪ್ರೂ ಎಂದು ಕರೆಯುತ್ತಿದ್ದ, ನಮ್ಮ ನಾಟಿವೈದ್ಯರು ಗ್ರಹಣಿ ಎಂಬ ಹೆಸರಿನಲ್ಲಿ ಅರಿತಿದ್ದ ಬಗೆಯ ರೋಗ. ಉಂಡ ಅನ್ನ ಮೈಗೆ ಹತ್ತದು; ಭೇದಿ ನಿಲ್ಲದು; ನಾಲಿಗೆ ಕೆಂಪಾಗಿ ಹುಣ್ಣಾಗುವುದು; ರಕ್ತವು ತೆಳುವಾಗಿ ರೋಗಿಯು ದಿನದಿನಕ್ಕೆ ಬಿಳಿಚಿಕೊಂಡು ಕೃಶನಾಗುವನು. ಉಷ್ಣವಲಯದ ಊರುಗಳಲ್ಲಿ ಇದು ಅಪರೂಪದ ಕಾಯಿಲೆಯಾಗಿರಲಿಲ್ಲ. ಮನೆಯಲ್ಲಿ ವೈದ್ಯಶಾಸ್ತ್ರ ಕಲಿತವನು ಒಬ್ಬನಿದ್ದೂ ಅವನು ನೋಡುತ್ತ ನಿಲ್ಲುವುದಲ್ಲದೆ ಬೇರೆ ಮಾಡುವಂಥದು ಏನೂ ಇರಲಿಲ್ಲ. ಆ ರೋಗಕ್ಕೆ ಮದ್ದು ಯಾವ ದೇಶದ ವೈದ್ಯನ ಪೆಟ್ಟಿಗೆಯಲ್ಲಿಯೂ ಇರಲಿಲ್ಲ. ಸುಬ್ಬರಾವ್ ಸ್ವತಃ ಅದೇ ರೋಗಕ್ಕೆ ತುತ್ತಾಗಿ ಆಯುರ್ವೇದ ಚಿಕಿತ್ಸೆಯಿಂದ ಚೇತರಿಸಿಕೊಂಡರು. ತನ್ನನ್ನು ಉಳಿಸಿದ ಮದ್ದಿನಲ್ಲಿ ಏನಿತ್ತು, ಸೋದರರಿಗೆ ಏನು ಇಲ್ಲವಾಯಿತು ಎಂಬ ಪ್ರಶ್ನೆ ಅವರನ್ನು ಬೆನ್ನು ಹತ್ತಿತು.

ಉತ್ತರವನ್ನು ಹುಡುಕಲು ಅವರು ಅಮೆರಿಕೆಗೆ ಹೊರಟರು. ಕಾಕಿನಾಡದ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯೂ ಮಾವನವರೂ ಹಣದ ಸಹಾಯ ಮಾಡಿದರು. ಮೂರು ವರ್ಷಗಳಲ್ಲಿ ಹಿಂದಿರುಗುವೆನೆಂದು ಪತ್ನಿಗೆ ಮಾತು ಕೊಟ್ಟು, 1920ರ ದಶಕದ ಮೊದಲ ವರ್ಷಗಳಲ್ಲಿ ಅವರು ಬಾಸ್ಟನ್ ನಗರದಲ್ಲಿ ಇಳಿದಾಗ ಕೈಯಲ್ಲಿ ಉಳಿದಿದ್ದ ಹಣ ಅತ್ಯಲ್ಪ. ಹಾರ್ವರ್ಡಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಪ್ರವೇಶವೇನೋ ದೊರೆಯಿತು, ಎಲ್.ಎಂ.ಎಸ್. ಪ್ರಮಾಣಪತ್ರಕ್ಕೆ ಅಲ್ಲಿ ವೈದ್ಯನ ಹುದ್ದೆ ದೊರೆಯಲಿಲ್ಲ. ಆಗ ಸುಬ್ಬರಾವ್ ನಗರದ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರಾತ್ರಿಯ ಆಳಾಗಿ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವುದು ಅವರ ಕೆಲಸ. ಹಗಲು ಪಾಠ, ರಾತ್ರಿ ಈ ಚಾಕರಿ. ಆಚಾರವಂತ ಮನೆತನದಿಂದ ಬಂದ, ತಾನೇ ವೈದ್ಯನಾಗಿದ್ದ ಆ ತರುಣನು ಅದನ್ನು ಹೀನವೆಂದು ಎಣಿಸಿದಂತೆ ಕಾಣುವುದಿಲ್ಲ.

ಉಷ್ಣವಲಯದ ರೋಗಗಳ ಶಿಕ್ಷಣ ಮುಗಿದ ಮೇಲೆ ಅವರು ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಎಂಬ ಜೀವರಸಾಯನ ವಿಜ್ಞಾನಿಯ ಬಳಿ ಕೆಲಸಕ್ಕೆ ನಿಂತರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು ಅಳೆಯುವ ಸುಲಭ ವಿಧಾನವನ್ನು ರೂಪಿಸುವುದು ಅವರಿಗೆ ಒಪ್ಪಿಸಲಾದ ಕೆಲಸ. 1925ರಲ್ಲಿ ಪ್ರಕಟವಾದ ಆ ವಿಧಾನದಲ್ಲಿ ರಂಜಕದ ಪ್ರಮಾಣಕ್ಕೆ ತಕ್ಕಂತೆ ದ್ರಾವಣದಲ್ಲಿ ನೀಲಿ ಬಣ್ಣ ಮೂಡುತ್ತದೆ. ಬಣ್ಣದ ಗಾಢತೆಯನ್ನು ನೋಡಿ ಲೆಕ್ಕ ಹಾಕಬಹುದು. ಫಿಸ್ಕ್-ಸುಬ್ಬರಾವ್ ವಿಧಾನವೆಂದು ಹೆಸರಾದ ಇದನ್ನು ಲೋಕದ ಜೀವರಸಾಯನ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಕಲಿತಿದ್ದಾರೆ.

ಈ ವಿಧಾನವನ್ನು ಮಾಂಸಖಂಡದ ರಸಕ್ಕೆ ಅನ್ವಯಿಸಿದಾಗ ವಿಚಿತ್ರವೊಂದು ಕಂಡುಬಂದಿತು. ನೀಲಿ ಬಣ್ಣವು ಒಮ್ಮೆಗೇ ಮೂಡದೆ ನಿಧಾನವಾಗಿ ಗಾಢವಾಗತೊಡಗಿತು. ಬೇರೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ದ್ರಾವಣವನ್ನು ಚೆಲ್ಲಿಬಿಡುತ್ತಿದ್ದರೋ ಏನೋ. ರಂಜಕವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುವ ಯಾವುದೋ ವಸ್ತು ಮಾಂಸಖಂಡದಲ್ಲಿದೆಯೆಂದು ಇವರು ತರ್ಕಿಸಿದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ಆ ವಸ್ತು ಸಿಕ್ಕಿತು. 1929ರಲ್ಲಿ ಅದಕ್ಕಿಂತ ಮಹತ್ತ್ವದ ಇನ್ನೊಂದನ್ನು ಅವರು ಬೇರ್ಪಡಿಸಿದರು. ಅದೇ ಎ.ಟಿ.ಪಿ. ಎಂದು ಇಂದು ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಅರಿತಿರುವ ಅಡಿನೋಸಿನ್ ಟ್ರೈಫಾಸ್ಫೇಟ್. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು. ಎತ್ತು ನೊಗವನ್ನೆಳೆಯುವಾಗಲೂ ಮಗು ಕಣ್ಣು ಮಿಟುಕಿಸುವಾಗಲೂ ಮಿದುಳು ಯೋಚಿಸುವಾಗಲೂ ವೆಚ್ಚವಾಗುವ ಶಕ್ತಿಯ ನಾಣ್ಯ ಇದೇ.

ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಸ್ಥಾನ ದೊರೆಯಲಿಲ್ಲ. 1930ರಲ್ಲಿ ಡಾಕ್ಟರೇಟ್ ಬಂದಿತು. ಕೀರ್ತಿಯ ಬಹುಪಾಲು ಫಿಸ್ಕ್ ಅವರಿಗೆ ಸಂದಿತು. ಮುಂದೆ 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜಾರ್ಜ್ ಹಿಚಿಂಗ್ಸ್ ಆಗ ಅದೇ ಪ್ರಯೋಗಶಾಲೆಯ ವಿದ್ಯಾರ್ಥಿ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕ್ ಬೆಳಕಿಗೆ ಬಿಡಲಿಲ್ಲವೆಂದೂ, ವರ್ಷಗಳ ತರುವಾಯ ಇತರರು ಅವನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತೆಂದೂ ಅವರು ನೆನಪಿಸಿಕೊಂಡಿದ್ದಾರೆ. ಸುಬ್ಬರಾವ್ ಇದಕ್ಕಾಗಿ ಯಾರೊಡನೆಯೂ ಜಗಳ ಕಾಯಲಿಲ್ಲ. ಇದನ್ನು ಅವರ ದೊಡ್ಡತನವೆಂದು ಹೊಗಳುವುದು ವಾಡಿಕೆ. ಆದರೆ ತಮಗೆ ಸಲ್ಲಬೇಕಾದುದನ್ನು ಕೇಳಲಾರದ ಸಂಕೋಚವೂ ಅವರಲ್ಲಿ ಬೇರೂರಿದ್ದಿತು.

ಊರಿನಲ್ಲಿ ಮೂರು ವರ್ಷಗಳ ಗಡುವು ಕಳೆದುಹೋಗಿತ್ತು. ಅವರು ಹೊರಟ ಬಳಿಕ ಶೇಷಗಿರಿಯವರಿಗೆ ಗಂಡುಮಗು ಹುಟ್ಟಿ, ಒಂಬತ್ತು ತಿಂಗಳಿನಲ್ಲಿಯೇ ಚರ್ಮದ ಸೋಂಕೊಂದರಿಂದ ತೀರಿಕೊಂಡಿತು. ಕೆಲವು ವರ್ಷಗಳ ಬಳಿಕ ಬಂದ ಪೆನಿಸಿಲಿನ್ ವಾಸಿಮಾಡಬಲ್ಲ ಸೋಂಕು ಅದು. ತಂದೆಯು ಮಗನ ಮುಖವನ್ನು ನೋಡಲೇ ಇಲ್ಲ. ಈ ಕೆಲಸವೊಂದು ಮುಗಿಯಲಿ, ಆ ಕೆಲಸವೊಂದು ಮುಗಿಯಲಿ ಎಂದು ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇದ್ದಿತು. ಅವರು ಭಾರತಕ್ಕೆ ಮರಳಲಿಲ್ಲ. ದಂಪತಿಗಳು ಮತ್ತೆಂದೂ ಭೇಟಿಯಾಗಲಿಲ್ಲ. ಲೋಕದ ಮಕ್ಕಳಿಗೆ ಅವರಿಂದ ಆದ ಉಪಕಾರವನ್ನು ಎಣಿಸುವಾಗ, ಆ ಉಪಕಾರಕ್ಕೆ ತೆತ್ತ ಬೆಲೆಯಲ್ಲಿ ಶೇಷಗಿರಿಯವರ ಪಾಲೂ ದೊಡ್ಡದಿತ್ತೆಂಬುದನ್ನು ಮರೆಯುವಂತಿಲ್ಲ.

1940ರಲ್ಲಿ ಸುಬ್ಬರಾವ್ ನ್ಯೂಯಾರ್ಕ್ ಸಮೀಪದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿ, ಬಹುಬೇಗ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ಇಲ್ಲಿ ಅವರು ತಮ್ಮ ಹಳೆಯ ಪ್ರಶ್ನೆಗೆ ಮರಳಿದರು. ಪ್ರಾಣಿಗಳ ಯಕೃತ್ತನ್ನು ತಿನ್ನಿಸಿದರೆ ಒಂದು ಬಗೆಯ ಮಾರಕ ರಕ್ತಹೀನತೆ ವಾಸಿಯಾಗುವುದೆಂದು ಬಾಸ್ಟನ್ನಿನ ವೈದ್ಯರು 1926ರಲ್ಲಿ ತೋರಿಸಿಕೊಟ್ಟಿದ್ದರು. ಅದೇ ಸುಮಾರಿಗೆ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು ಗಿರಣಿ ಕಾರ್ಮಿಕರ ಮನೆಗಳ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸುತ್ತಿದ್ದರು. ಯೀಸ್ಟಿನ ಸಾರವನ್ನು ತಿಂದ ಗರ್ಭಿಣಿಯರು ಗುಣಹೊಂದಿದುದನ್ನು ಅವರು ಕಂಡರು. ಯಕೃತ್ತಿನಲ್ಲಿಯೂ ಯೀಸ್ಟಿನಲ್ಲಿಯೂ ಹಸಿರು ಸೊಪ್ಪಿನಲ್ಲಿಯೂ ರಕ್ತವನ್ನು ವೃದ್ಧಿಪಡಿಸುವ ಒಂದು ವಸ್ತುವಿದೆಯೆಂಬುದು ಹೀಗೆ ಹಲವರ ದುಡಿಮೆಯಿಂದ ಸ್ಪಷ್ಟವಾಗುತ್ತ ಬಂದಿತು. 1941ರಲ್ಲಿ ಅದಕ್ಕೆ ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲವೆಂಬ ಹೆಸರೂ ಬಂದಿತು. ಆದರೆ ರಾಶಿ ರಾಶಿ ಯಕೃತ್ತಿನಿಂದ ದೊರೆಯುವುದು ಚಿಟಿಕೆಗೂ ಕಡಿಮೆ. ಅದರ ರಚನೆಯನ್ನು ಭೇದಿಸಿ ಕಾರ್ಖಾನೆಯಲ್ಲಿ ತಯಾರಿಸುವ ಬಗೆ ತಿಳಿದಲ್ಲದೆ ರೋಗಿಗಳಿಗೆ ಅದು ಎಟುಕುವಂತಿರಲಿಲ್ಲ.

ಸುಬ್ಬರಾವ್ ತಮ್ಮ ರಸಾಯನ ವಿಜ್ಞಾನಿಗಳ ತಂಡವನ್ನು ಕಟ್ಟಿ ಇದಕ್ಕೆ ಕೈಹಾಕಿದರು. 1945ರಲ್ಲಿ ಫೋಲಿಕ್ ಆಮ್ಲದ ಕೃತಕ ತಯಾರಿಕೆ ಕೈಗೂಡಿತು. ಮರುವರ್ಷ ಅದರ ರಚನೆಯನ್ನು ಸಾರಿದ ಪ್ರಬಂಧದಲ್ಲಿ ಹದಿನಾರು ಮಂದಿಯ ಹೆಸರುಗಳಿವೆ. ನಿರ್ದೇಶಕರ ಹೆಸರು ಮೊದಲಲ್ಲಿಯೂ ಇಲ್ಲ, ಕೊನೆಯಲ್ಲಿಯೂ ಇಲ್ಲ. ನಡುವೆ ಎಲ್ಲರೊಡನೆ ಒಂದಾಗಿ ಕುಳಿತಿದೆ. ಈ ಹಳದಿಯ ಹುಡಿಯನ್ನು ಸೇವಿಸಿದ ಸ್ಪ್ರೂ ರೋಗಿಗಳ ನಾಲಿಗೆಯ ಹುಣ್ಣು ಮಾಯ್ದು, ಹಸಿವು ಮರಳಿ, ರಕ್ತ ತುಂಬತೊಡಗಿತು. ಸೋದರರು ಸತ್ತು ಇಪ್ಪತ್ತೈದು ವರ್ಷಗಳಾಗಿದ್ದವು.

ಆ ಪ್ರಯೋಗಶಾಲೆಯಿಂದ ಅದೇ ಕಾಲದಲ್ಲಿ ಇನ್ನೂ ಕೆಲವು ಔಷಧಗಳು ಹೊರಬಂದವು. ಆನೆಕಾಲು ರೋಗದ ಹುಳುಗಳನ್ನು ಕೊಲ್ಲುವ ಹೆಟ್ರಾಜಾನ್ ಅವುಗಳಲ್ಲೊಂದು, ಡಿ.ಇ.ಸಿ. ಮಾತ್ರೆಯೆಂಬ ಹೆಸರಿನಲ್ಲಿ ಅದು ನಮ್ಮ ಕರಾವಳಿಯ ಮತ್ತು ಕಲಬುರಗಿ ಸೀಮೆಯ ಮನೆಮನೆಗಳನ್ನು ತಲಪಿದೆ. ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಅಲ್ಲಿಯೇ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಪಡೆದರು. ಟೆಟ್ರಾಸೈಕ್ಲಿನ್ ವರ್ಗದ ಔಷಧಗಳಿಗೆಲ್ಲ ಅದು ಮೊದಲನೆಯದು. ಎಲ್ಲವೂ ಕೈಗೂಡಿತೆಂದಲ್ಲ. ಮಾರಕ ರಕ್ತಹೀನತೆಗೆ ನಿಜವಾದ ಮದ್ದಾದ ಬಿ-12 ಜೀವಸತ್ತ್ವವನ್ನು ಸುಬ್ಬರಾವ್ ವರ್ಷಗಟ್ಟಲೆ ಯಕೃತ್ತಿನಲ್ಲಿ ಅರಸಿದರು. 1948ರಲ್ಲಿ ಅದು ಬೇರೆ ಪ್ರಯೋಗಶಾಲೆಗಳಿಗೆ ಒಲಿಯಿತು.

ಇನ್ನು ಕ್ಯಾನ್ಸರಿನ ಕಥೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ಸತ್ತ ಮಕ್ಕಳ ಶರೀರವನ್ನು ಪರೀಕ್ಷಿಸಿ ಸಾವಿನ ಕಾರಣವನ್ನು ಬರೆದಿಡುವುದು ಅವರ ವೃತ್ತಿ. ಮೇಲಿಂದ ಮೇಲೆ ಅವರ ಮುಂದೆ ಬರುತ್ತಿದ್ದುದು ಲುಕೇಮಿಯಾ, ಎಂದರೆ ರಕ್ತದ ಕ್ಯಾನ್ಸರಿನಿಂದ ಸತ್ತ ಮಕ್ಕಳು. ಈ ರೋಗದಲ್ಲಿ ಮೂಳೆಯೊಳಗಿನ ಮಜ್ಜೆಯು ಎಳೆಯ, ಕೆಲಸಕ್ಕೆ ಬಾರದ ಬಿಳಿಯ ಕಣಗಳನ್ನು ಅಂಕೆಯಿಲ್ಲದೆ ಉತ್ಪಾದಿಸುತ್ತದೆ. ಕೆಂಪು ಕಣಗಳಿಗೆ ಎಡೆಯಿಲ್ಲದಂತಾಗಿ ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಡದು, ಮೈಮೇಲೆ ರಕ್ತದ ಕಲೆಗಳೇಳುತ್ತವೆ. ಆ ದಿನಗಳಲ್ಲಿ ಕಾಯಿಲೆ ಇದೆಂದು ಗೊತ್ತಾದ ಮೇಲೆ ಮಕ್ಕಳು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿದ್ದರು.

ರಕ್ತವನ್ನು ಸರಿಪಡಿಸುವ ಫೋಲಿಕ್ ಆಮ್ಲವು ಈ ಕೆಟ್ಟ ರಕ್ತವನ್ನೂ ಸರಿಪಡಿಸಬಹುದೆಂದು ಊಹಿಸಿ ಫಾರ್ಬರ್ ಅದೇ ಜಾತಿಯ ವಸ್ತುಗಳನ್ನು ಲೆಡರ್ಲೆಯಿಂದ ಪಡೆದು ರೋಗಿ ಮಕ್ಕಳಿಗೆ ಕೊಟ್ಟರು. ಫಲ ವಿಪರೀತವಾಯಿತು. ಕ್ಯಾನ್ಸರ್ ಕಣಗಳು ಮತ್ತಷ್ಟು ವೇಗವಾಗಿ ಬೆಳೆಯುವಂತೆ ಅವರಿಗೆ ತೋರಿತು. ಇದು ಸಾಮಾನ್ಯವಾದ ಸೋಲಲ್ಲ. ಬದುಕಿಸಲು ಕೊಟ್ಟ ಮದ್ದೇ ರೋಗಕ್ಕೆ ಆಹಾರವಾಯಿತೆಂಬ ಶಂಕೆ. ಆದರೆ ಈ ಸೋಲಿನಲ್ಲಿಯೇ ದಾರಿಯೂ ಇದ್ದಿತು. ಫೋಲಿಕ್ ಆಮ್ಲವನ್ನು ಉಂಡು ಕೆಟ್ಟ ಕಣಗಳು ಬೆಳೆಯುವುದಾದರೆ, ಅದನ್ನು ಅವುಗಳಿಗೆ ದೊರೆಯದಂತೆ ಮಾಡಿದರೆ ಅವು ಉಪವಾಸ ಬೀಳಬೇಕಲ್ಲವೆ?

ಅಂಥದೊಂದು ವಸ್ತುವನ್ನು ಒದಗಿಸುವುದು ಸುಬ್ಬರಾವ್ ಅವರ ತಂಡಕ್ಕೆ ಸಾಧ್ಯವಿತ್ತು. ಫೋಲಿಕ್ ಆಮ್ಲದ ಕಟ್ಟಡದ ಕಲ್ಲುಕಲ್ಲೂ ಅವರಿಗೆ ಗೊತ್ತು. ಒಂದು ಬೀಗಕ್ಕೆ ಸರಿಯಾದ ಬೀಗದ ಕೈಯನ್ನು ನೋಡಿ, ಅದರ ಒಂದು ಹಲ್ಲನ್ನು ಮಾತ್ರ ಬೇರೆಯಾಗಿಸಿ ಇನ್ನೊಂದನ್ನು ಮಾಡಿದರೆ ಅದು ಬೀಗದೊಳಕ್ಕೆ ಹೋಗುತ್ತದೆ, ತಿರುಗುವುದಿಲ್ಲ. ನಿಜವಾದ ಕೈಗೂ ಜಾಗ ಬಿಡುವುದಿಲ್ಲ. ಅಣುವಿನ ಒಂದು ಮೂಲೆಯಲ್ಲಿ ಒಂದು ಗುಂಪಿನ ಬದಲು ಇನ್ನೊಂದನ್ನು ಕೂರಿಸಿ, ಡೋರಿಸ್ ಸೀಗರ್ ಮತ್ತು ಅವರ ಸಂಗಡಿಗರು 1947ರಲ್ಲಿ ಅಮಿನಾಪ್ಟೆರಿನ್ ಎಂಬ ಅಂತಹ ಹುಸಿ ಕೈಯನ್ನು ತಯಾರಿಸಿದರು. ಅದಕ್ಕಿಂತ ಸೌಮ್ಯವಾದ ಮೆಥೊಟ್ರೆಕ್ಸೇಟ್ ಕೂಡ ಅದೇ ತಂಡದ ಕೈಯಿಂದ ಬಂದಿತು.

1947ರ ಡಿಸೆಂಬರಿನಲ್ಲಿ ಫಾರ್ಬರ್ ಎರಡು ವರ್ಷದ ಒಂದು ಮಗುವಿಗೆ ಅಮಿನಾಪ್ಟೆರಿನ್ ಚುಚ್ಚಿದರು. ಏರುತ್ತಿದ್ದ ಬಿಳಿಯ ಕಣಗಳ ಸಂಖ್ಯೆ ನಿಂತಿತು, ಅನಂತರ ಇಳಿಯಿತು. ಉಬ್ಬಿದ್ದ ಹೊಟ್ಟೆ ತಗ್ಗಿತು. ಹಾಸಿಗೆ ಹಿಡಿದಿದ್ದ ಮಗು ಎದ್ದು ಓಡಾಡಿತು. 1948ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ವರದಿಯಂತೆ, ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತು. ಗುಣ ತಾತ್ಕಾಲಿಕವಾದುದು. ಕೆಲವು ತಿಂಗಳಲ್ಲಿ ರೋಗವು ಮರುಕಳಿಸಿ, ಔಷಧಕ್ಕೆ ಜಗ್ಗದೆ, ಮಕ್ಕಳನ್ನು ಕೊಂಡೊಯ್ಯಿತು. ಅನೇಕ ವೈದ್ಯರು ಇದನ್ನು ನಂಬಲಿಲ್ಲ. ಸಾಯುವ ಮಕ್ಕಳಿಗೆ ಹಿಂಸೆ ಕೊಡುವುದೇಕೆಂದು ಕೇಳಿದವರೂ ಉಂಟು. ಆದರೂ ಲುಕೇಮಿಯಾವನ್ನು ರಾಸಾಯನಿಕವೊಂದು ಹಿಮ್ಮೆಟ್ಟಿಸಬಲ್ಲದೆಂಬುದು ಅಂದು ಮಕ್ಕಳಲ್ಲಿ ಮೊದಲ ಬಾರಿಗೆ ಕಂಡುಬಂದಿತು.

ಆ ವರದಿ ಅಚ್ಚಾದ ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ, ಒಂದು ರಾತ್ರಿ ನಿದ್ರೆಯಲ್ಲಿಯೇ ಸುಬ್ಬರಾವ್ ಹೃದಯಾಘಾತದಿಂದ ನಿಧನರಾದರು. ಅವರಿಗೆ 53 ವರ್ಷ. ಅವರ ಜನ್ಮಭೂಮಿ ಸ್ವತಂತ್ರವಾಗಿ ಒಂದು ವರ್ಷವಾಗಿತ್ತು. ಭಾರತೀಯರು ಪೌರತ್ವ ಪಡೆಯುವುದನ್ನು ಅಮೆರಿಕದ ಕಾನೂನು ಬಹುಕಾಲ ನಿಷೇಧಿಸಿತ್ತು. 1946ರಲ್ಲಿ ಆ ತಡೆ ತೊಲಗಿದರೂ ಅವರು ಅಲ್ಲಿನ ಪೌರರಾಗಿರಲಿಲ್ಲ. ಸಹೋದ್ಯೋಗಿಗಳು ಒಂದು ಶಿಲೀಂಧ್ರಕ್ಕೆ 1953ರಲ್ಲಿ ಸುಬ್ಬರೋಮೈಸಿಸ್ ಎಂದು ಅವರ ಹೆಸರಿಟ್ಟರು. ಭಾರತ ಸರ್ಕಾರವು 1995ರಲ್ಲಿ, ಅವರ ಜನ್ಮಶತಾಬ್ದಿಗೆ, ಅಂಚೆಚೀಟಿಯೊಂದನ್ನು ಹೊರಡಿಸಿತು.

ಅವರ ಔಷಧಗಳ ಕಥೆ ಅವರೊಡನೆ ಮುಗಿಯಲಿಲ್ಲ. 1956ರಲ್ಲಿ ಮೆಥೊಟ್ರೆಕ್ಸೇಟ್ ಒಂದರಿಂದಲೇ, ಗರ್ಭದ ಅಂಗಾಂಶದಲ್ಲಿ ಹುಟ್ಟಿ ದೇಹವೆಲ್ಲ ಹರಡಿದ್ದ ಕ್ಯಾನ್ಸರೊಂದು ಅಮೆರಿಕದಲ್ಲಿ ಪೂರ್ಣ ಗುಣವಾಯಿತು. ಲುಕೇಮಿಯಾ ಮಾತ್ರ ಇನ್ನೂ ವೈದ್ಯರಿಗೆ ವಂಚಿಸುತ್ತಿತ್ತು. ರಕ್ತವನ್ನು ಸ್ವಚ್ಛಗೊಳಿಸಿದರೂ ರೋಗ ಮರುಕಳಿಸುವುದೇಕೆ? ಕಾರಣವಿದ್ದುದು ಮಿದುಳಿನಲ್ಲಿ. ರಕ್ತದಲ್ಲಿ ತೇಲಿಬರುವ ವಿಷಗಳು ಮಿದುಳನ್ನು ಹೊಗದಂತೆ ಪ್ರಕೃತಿ ಅಲ್ಲಿ ಒಂದು ಕೋಟೆ ಕಟ್ಟಿದೆ. ಆ ಕೋಟೆ ಔಷಧವನ್ನೂ ತಡೆಯುತ್ತದೆ. ಬೆರಳೆಣಿಕೆಯ ಕ್ಯಾನ್ಸರ್ ಕಣಗಳು ಮಿದುಳಿನ ಪೊರೆಗಳ ಮರೆಯಲ್ಲಿ ಅಡಗಿ ಕುಳಿತು, ಬಿರುಗಾಳಿ ನಿಂತ ಮೇಲೆ ಹೊರಬರುತ್ತಿದ್ದವು. ಮಗುವಿಗೆ ತಲೆನೋವು, ವಾಂತಿ, ದೃಷ್ಟಿದೋಷ ಶುರುವಾಗುತ್ತಿದ್ದವು. 1960ರ ದಶಕದಲ್ಲಿ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಎಂಬ ವೈದ್ಯರು ಮಕ್ಕಳ ತಲೆಗೆ ವಿಕಿರಣ ಹಾಯಿಸುವುದರ ಜೊತೆಗೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಮೆಥೊಟ್ರೆಕ್ಸೇಟನ್ನು ಸೇರಿಸುವ ಕ್ರಮವನ್ನು ರೂಢಿಗೆ ತಂದರು. 1970ರ ದಶಕದ ಆರಂಭಕ್ಕೆ ಅಲ್ಲಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಉಳಿದುಕೊಂಡರು. ವಿಕಿರಣದಿಂದ ಎಳೆಯ ಮಿದುಳಿಗೆ ಪೆಟ್ಟಾಗಿ ಮಕ್ಕಳ ಕಲಿಕೆ ಕುಂಠಿತವಾಗುವುದು ಆಮೇಲೆ ತಿಳಿದುಬಂದಾಗ, ವೈದ್ಯರು ಅದನ್ನು ಕ್ರಮೇಣ ಕೈಬಿಟ್ಟು ಬೆನ್ನಿನ ಮೂಲಕ ಕೊಡುವ ಮದ್ದನ್ನೇ ಹೆಚ್ಚು ನೆಚ್ಚಿದರು. ಈ ಮದ್ದೂ ನರಗಳಿಗೆ ಒಮ್ಮೊಮ್ಮೆ ಹಾನಿ ಮಾಡುತ್ತದೆ. ಆದುದರಿಂದ ಮಕ್ಕಳ ಕ್ಯಾನ್ಸರ್ ತಜ್ಞರೂ ಮಕ್ಕಳ ನರರೋಗ ತಜ್ಞರೂ ಜೊತೆಗೂಡಿ ಕಾವಲಿರಬೇಕಾಗುತ್ತದೆ. ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕೊಟ್ಟಾಗ, ಅದರ ಏಟಿನಿಂದ ಒಳ್ಳೆಯ ಕಣಗಳನ್ನು ಉಳಿಸಲು ಮರುದಿನ ಕೊಡುವ ಮದ್ದು ಫೋಲಿಕ್ ಆಮ್ಲದ್ದೇ ಇನ್ನೊಂದು ರೂಪ. ಅನುಕೂಲವುಳ್ಳ ದೇಶಗಳಲ್ಲಿ ಇಂದು ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಂದಿ ಬದುಕುತ್ತಾರೆ.

ಫೋಲಿಕ್ ಆಮ್ಲಕ್ಕೂ ಮಗುವಿನ ನರಮಂಡಲಕ್ಕೂ ಇನ್ನೊಂದು ನಂಟು ಇದೆಯೆಂಬುದು ಸುಬ್ಬರಾವ್ ಅವರಿಗೆ ತಿಳಿದಿರಲಿಲ್ಲ. ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ಅನೇಕ ವೇಳೆ ತಾಯಿಗೆ ತಾನು ಗರ್ಭಿಣಿಯೆಂಬ ಅರಿವೂ ಇಲ್ಲದಿರುವಾಗ, ಭ್ರೂಣದ ಬೆನ್ನಿನ ಮೇಲೆ ಒಂದು ಹಾಳೆ ಸುರುಳಿಯಾಗಿ ಕೊಳವೆಯಾಗುತ್ತದೆ. ಮಿದುಳೂ ಬೆನ್ನುಹುರಿಯೂ ಆಗುವುದು ಆ ಕೊಳವೆಯೇ. ಅದು ಪೂರ್ತಿ ಮುಚ್ಚದಿದ್ದರೆ ಮಗು ತೆರೆದ ಬೆನ್ನಿನೊಡನೆ, ಸ್ವಾಧೀನವಿಲ್ಲದ ಕಾಲುಗಳೊಡನೆ ಹುಟ್ಟಬಹುದು. ಇಂತಹ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮುನ್ನವೇ ಫೋಲಿಕ್ ಆಮ್ಲ ಕೊಟ್ಟರೆ ದೋಷವು ಮರುಕಳಿಸುವ ಸಂಭವ ಶೇಕಡ 72ರಷ್ಟು ತಗ್ಗುವುದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ 1991ರಲ್ಲಿ ಸಾರಿತು.

ಹಿಂದೆ ಕಡೂರು ಜಿಲ್ಲೆಯೆಂದೇ ಕರೆಯಲ್ಪಡುತ್ತಿದ್ದ ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಊರುಗಳಿಗೂ ರೈಲಿನ ಸಂಪರ್ಕವಿದೆ. ಕಡೂರೂ ಅಜ್ಜಂಪುರವೂ ಬೆಂಗಳೂರು-ಹುಬ್ಬಳ್ಳಿ ಮಾರ್ಗದಲ್ಲಿವೆ. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗೆಗೆ ಹೋಗುವ ದಾರಿಯಲ್ಲಿ ತರೀಕೆರೆ ಇದೆ. ಯಾವುದಾದರೂ ಮನೆಯ ಮಗುವಿಗೆ ಬಿಡದ ಜ್ವರ ಬಂದು, ರಕ್ತಪರೀಕ್ಷೆಯಲ್ಲಿ ಲುಕೇಮಿಯಾ ಎಂದು ತಿಳಿದರೆ ತಂದೆತಾಯಿಗಳು ಅದನ್ನೆತ್ತಿಕೊಂಡು ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರ ಕ್ರಮಿಸಿ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಅಂತಹ ಬೇರೊಂದು ಆಸ್ಪತ್ರೆಗೋ ಬರಬೇಕಾಗುತ್ತದೆ. ಚಿಕಿತ್ಸೆ ಎರಡು ವರ್ಷಗಳಿಗೂ ಹೆಚ್ಚು ಕಾಲ ನಡೆಯುವುದರಿಂದ ಈ ಪ್ರಯಾಣ ಒಂದು ಸಲಕ್ಕೆ ಮುಗಿಯುವುದಿಲ್ಲ. ಗೊತ್ತಾದ ದಿನಗಳಂದು ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳನ್ನು ಎದೆಗೆ ಒತ್ತಿಹಿಡಿದು, ಬೆನ್ನೆಲುಬಿನ ಸಂದಿನಲ್ಲಿ ಸಣ್ಣ ಸೂಜಿಯನ್ನು ಇಳಿಸುತ್ತಾರೆ. ಅದರ ಮೂಲಕ ತಿಳಿಹಳದಿಯ ಮೆಥೊಟ್ರೆಕ್ಸೇಟ್ ದ್ರವ ಮೆಲ್ಲಗೆ ಒಳಕ್ಕೆ ಹೋಗುತ್ತದೆ. ಆಮೇಲೆ ಮಗು ಸ್ವಲ್ಪ ಹೊತ್ತು ತಲೆಯೆತ್ತದೆ ಚಪ್ಪಟೆಯಾಗಿ ಮಲಗಿರಬೇಕು. ಏಳಲು ಹಟಮಾಡುವ ಮಗುವನ್ನು ತಾಯಿ ಕಥೆ ಹೇಳಿ ಮಲಗಿಸಿಕೊಂಡಿರುತ್ತಾಳೆ.